ಕಿರುಕುಳ ಕೊಟ್ಟ ಅತಿಥಿ ಯಾರ ಲೆಕ್ಕಕ್ಕೆ?

ಕ್ಯಾಂಪಸ್‌ನಲ್ಲಿ ಲೈಂಗಿಕ ಕಿರುಕುಳದ ದೂರು ಬಂತು ಅಂದುಕೊಳ್ಳಿ. ಆರೋಪ ಮೇಷ್ಟ್ರ ಮೇಲೋ ಸಿಬ್ಬಂದಿಯ ಮೇಲೋ ಇದ್ದರೆ ದಾರಿ ಗೊತ್ತಿರುತ್ತದೆ. ಆಂತರಿಕ ದೂರು ಸಮಿತಿ, ಅಂದರೆ ಐಸಿಸಿ, ವಿಚಾರಣೆ ಮಾಡುತ್ತದೆ. ಆದರೆ ಆರೋಪ ಇರುವುದು ವಿಚಾರ ಸಂಕಿರಣಕ್ಕೆ ಬಂದ ದೊಡ್ಡ ಭಾಷಣಕಾರರ ಮೇಲೆ, ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಬಂದ ಪರೀಕ್ಷಕರ ಮೇಲೆ, ಕಟ್ಟಡಕ್ಕೆ ದುಡ್ಡು ಕೊಟ್ಟ ಉದ್ಯಮಿಯ ಮೇಲೆ ಆದರೆ? ಮೊದಲು ಕೇಳುವ ಉತ್ತರ ಒಂದೇ: ‘ಅವರು ನಮ್ಮ ಸಂಸ್ಥೆಯವರಲ್ಲ.’

ವಿಚಿತ್ರ ಏನೆಂದರೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ಕಾನೂನು ಹುಟ್ಟಿದ್ದೇ ಹೊರಗಿನವರು ಮಾಡಿದ ಅಪರಾಧದಿಂದ. 1992ರಲ್ಲಿ ರಾಜಸ್ಥಾನದ ಭಂವರಿ ದೇವಿ ಸರ್ಕಾರಿ ಯೋಜನೆಯ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಲು ಹೋದರು. ಅದೇ ಸಿಟ್ಟಿಗೆ ಊರಿನವರು ತಮ್ಮ ಮೇಲೆ ಅತ್ಯಾಚಾರ ಮಾಡಿದರು ಎಂದು ದೂರು ಕೊಟ್ಟರು. ಆರೋಪಿಗಳಲ್ಲಿ ಯಾರೂ ಅವರ ಮೇಲಧಿಕಾರಿಯಲ್ಲ, ಸಹೋದ್ಯೋಗಿಯಲ್ಲ. ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆ ಹಿನ್ನೆಲೆಯಲ್ಲೇ 1997ರ ಆಗಸ್ಟ್ 13ರಂದು, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ಮಾರ್ಗಸೂಚಿ ಕೊಟ್ಟ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು. ಹೊರಗಿನವರಿಂದ ಕಿರುಕುಳವಾದರೆ ಸಂಸ್ಥೆ ಸಂತ್ರಸ್ತೆಯ ಬೆನ್ನಿಗೆ ನಿಲ್ಲಬೇಕು ಎಂದು ಅದರಲ್ಲೇ ಬರೆದಿತ್ತು. ಆ ಸಾಲನ್ನು ಜಾಸ್ತಿ ಜನ ಓದಲಿಲ್ಲ.

ಓದಿದವರೂ ಇದ್ದರು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) 1999ರಲ್ಲಿ ಲೈಂಗಿಕ ಕಿರುಕುಳದ ದೂರು ನೋಡಲು ಜಿಎಸ್‌ಕ್ಯಾಶ್ ಎಂಬ ಸಮಿತಿ ಶುರುವಾಯಿತು. ವಿದ್ಯಾರ್ಥಿಗಳು, ಶಿಕ್ಷಕರು, ನೌಕರರು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುತ್ತಿದ್ದರು. ದೆಹಲಿಯ ವಿಶ್ವವಿದ್ಯಾಲಯಗಳ ಆ ಕಾಲದ ನಿಯಮಗಳು ಹೊರಗಿನವರನ್ನೂ ಬಿಟ್ಟಿರಲಿಲ್ಲ. ಎಚ್ಚರಿಕೆ ಕೊಡಬಹುದು, ಅವರು ಕೆಲಸ ಮಾಡುವ ಕಡೆಗೆ ಪತ್ರ ಬರೆಯಬಹುದು, ಕ್ಯಾಂಪಸ್ಸಿಗೆ ಕಾಲಿಡದಂತೆ ಮಾಡಬಹುದು. ಇವು ಸಣ್ಣ ಶಿಕ್ಷೆಗಳೇ. ಆದರೆ ಗೌರವವನ್ನೇ ನಂಬಿ ಓಡಾಡುವ ಅತಿಥಿಗೆ ಗೇಟು ಮುಚ್ಚುವುದು ಸಣ್ಣ ವಿಷಯವಲ್ಲ, ಅಲ್ವಾ?

2013 ಎಲ್ಲವನ್ನೂ ಮೇಲಕ್ಕೆ ತಂದ ವರ್ಷ. ಇಂಟರ್ನ್ ಆಗಿದ್ದ ಯುವತಿಯೊಬ್ಬರು ನಿವೃತ್ತ ನ್ಯಾಯಮೂರ್ತಿಯೊಬ್ಬರ ಮೇಲೆ ಆರೋಪ ಮಾಡಿದರು. ಸುಪ್ರೀಂ ಕೋರ್ಟ್ ಮೂವರು ನ್ಯಾಯಮೂರ್ತಿಗಳ ಸಮಿತಿ ಮಾಡಿತು. ಮೇಲ್ನೋಟಕ್ಕೆ ಅನುಚಿತ ವರ್ತನೆ ಕಾಣುತ್ತದೆ ಎಂದು ಸಮಿತಿ ಹೇಳಿತು. ಆದರೆ ಆಕೆ ಕೋರ್ಟಿನ ಪಟ್ಟಿಯಲ್ಲಿದ್ದ ಇಂಟರ್ನ್ ಅಲ್ಲ, ನ್ಯಾಯಮೂರ್ತಿ ಆಗಲೇ ನಿವೃತ್ತರಾಗಿದ್ದರು, ಆದ್ದರಿಂದ ಮುಂದಿನ ಕ್ರಮ ಬೇಕಿಲ್ಲ ಎಂದು ಡಿಸೆಂಬರ್ 5ರಂದು ತೀರ್ಮಾನವಾಯಿತು. ನಾಲ್ಕೇ ದಿನಕ್ಕೆ, ಡಿಸೆಂಬರ್ 9ರಂದು, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಪಾಶ್ ಕಾಯ್ದೆ ಜಾರಿಗೆ ಬಂತು. ಕೆಲಸದ ಜಾಗಕ್ಕೆ ಬಂದುಹೋಗುವವರಿಂದಲೂ ಹೆಣ್ಣುಮಕ್ಕಳಿಗೆ ರಕ್ಷಣೆ ಕೊಡುವುದು ಸಂಸ್ಥೆಯ ಹೊಣೆ ಎಂದು ಅದರ 19ನೇ ಸೆಕ್ಷನ್ ಹೇಳುತ್ತದೆ. ಆರೋಪಿ ನೌಕರನಲ್ಲದಿದ್ದರೂ, ದೂರು ಕೊಟ್ಟ ಮಹಿಳೆ ಬಯಸಿದರೆ ಪೊಲೀಸ್ ಕ್ರಮಕ್ಕೆ ಸಂಸ್ಥೆಯೇ ಮುಂದಾಗಬೇಕು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಗಳು ಇನ್ನೂ ಸ್ಪಷ್ಟ. ಹೆಸರಿನಲ್ಲಿ 2015 ಅಂತಿದ್ದರೂ ಗೆಜೆಟ್‌ನಲ್ಲಿ ಬಂದದ್ದು 2016ರ ಮೇನಲ್ಲಿ. ನೌಕರನೂ ಅಲ್ಲದ, ವಿದ್ಯಾರ್ಥಿಯೂ ಅಲ್ಲದ, ಬೇರೆ ಕಾರಣಕ್ಕೆ ಬಂದ ಸಂದರ್ಶಕನಿಂದ ಆಗುವ ಕಿರುಕುಳವನ್ನು ಅವು ಬೇರೆಯಾಗಿಯೇ ಹೆಸರಿಸಿವೆ. ಕುಲಪತಿ, ಕುಲಸಚಿವ, ಡೀನ್‌ಗಳು ಸಮಿತಿಯಲ್ಲಿ ಇರಬಾರದು ಎಂದೂ ಹೇಳಿವೆ. ಹಾಗಾಗಿ ‘ನಿಯಮವೇ ಇಲ್ಲ’ ಎಂದು ಯಾರಾದರೂ ಹೇಳಿದರೆ ಅದು ಸುಮ್ನೆ ಮಾತು.

ತೊಡಕು ಇರುವುದು ಬೇರೆ ಕಡೆ. ಅತಿಥಿಯನ್ನು ಕರೆದವರು ಆಡಳಿತದವರು. ಸಮಿತಿಯ ಅಧ್ಯಕ್ಷೆಯನ್ನು ನೇಮಿಸುವವರೂ ಅವರೇ. ಸಮಿತಿ ಶಿಫಾರಸು ಮಾಡಬಹುದು ಅಷ್ಟೇ, ಜಾರಿ ಮಾಡುವುದು ಮತ್ತೆ ಅವರ ಕೈಯಲ್ಲಿ. ತಮ್ಮಿಂದ ಸಂಬಳ ಪಡೆಯದವರ ಸಂಬಳ ಕಡಿತ ಮಾಡುವುದು ಹೇಗೆ? ದೂರು ಕೊಡಲು ಇರುವುದು ಮೂರು ತಿಂಗಳು, ಕಾರಣ ಇದ್ದರೆ ಇನ್ನೂ ಮೂರು. ಅತಿಥಿ ಅದೇ ದಿನ ರೈಲು ಹತ್ತಿ ಹೋಗಿರುತ್ತಾರೆ. ಆದರೆ ಹುಡುಗಿಯ ಫೆಲೋಶಿಪ್ ಅರ್ಜಿ, ನಾಳೆಯ ಕೆಲಸದ ಸಂದರ್ಶನ ಅವರ ಮುಂದೆಯೇ ಬರಬಹುದು. ಆ ಹೆದರಿಕೆಗೆ ಆರು ತಿಂಗಳ ಮಿತಿ ಇಲ್ಲ.

ಇನ್ನೊಂದು ಗಂಟು ಗುಟ್ಟಿನದು. ದೂರಿನ ವಿವರ, ಹೆಸರು ಹೊರಬರಬಾರದು ಎನ್ನುತ್ತದೆ ಪಾಶ್ ಕಾಯ್ದೆಯ 16ನೇ ಸೆಕ್ಷನ್. ಆಕೆಗೆ ಅದು ಬೇಕೇ ಬೇಕು. ಆದರೆ ಆರೋಪಿಯ ಹೆಸರೂ ಅದರೊಳಗೇ ಮುಚ್ಚಿಹೋಗುತ್ತದೆ. ಮುಂದಿನ ವಿಶ್ವವಿದ್ಯಾಲಯ ಏನೂ ಗೊತ್ತಿಲ್ಲದೆ ಅದೇ ಅತಿಥಿಗೆ ಶಾಲು ಹೊದಿಸುತ್ತದೆ. 2017ರ ಅಕ್ಟೋಬರ್‌ನಲ್ಲಿ ಕಿರುಕುಳದ ಆರೋಪವಿದ್ದ ಪ್ರಾಧ್ಯಾಪಕರ ಹೆಸರುಗಳ ಪಟ್ಟಿಯೊಂದು ಫೇಸ್‌ಬುಕ್‌ನಲ್ಲಿ ಬಂದಾಗ, ವಿಚಾರಣೆಯಿಲ್ಲದೆ ಹೆಸರು ಹಾಕುವುದು ಸರಿಯೇ ಎಂದು ಸ್ತ್ರೀವಾದಿಗಳಲ್ಲೇ ಜಗಳವಾಯಿತು. ಆ ಪ್ರಶ್ನೆ ನ್ಯಾಯವಾದದ್ದೇ. ವಿದ್ಯಾರ್ಥಿನಿಯರು ಅಲ್ಲಿಗೆ ಯಾಕೆ ಹೋದರು ಅನ್ನುವುದೂ ಅಷ್ಟೇ ನ್ಯಾಯವಾದ ಪ್ರಶ್ನೆ. ಅದಕ್ಕೂ ಒಂದು ತಿಂಗಳ ಹಿಂದಷ್ಟೇ ಜೆಎನ್‌ಯುನಲ್ಲಿ ಜಿಎಸ್‌ಕ್ಯಾಶ್ ತೆಗೆದು ಐಸಿಸಿ ತಂದಿದ್ದರು.

2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಗೊಂದಲ ಬಿಡಿಸಿತು. ಆರೋಪಿ ಬೇರೆ ಇಲಾಖೆಯ ನೌಕರನಾದರೂ ಮಹಿಳೆ ಕೆಲಸ ಮಾಡುವ ಕಡೆಯ ಐಸಿಸಿ ವಿಚಾರಣೆ ಮಾಡಬಹುದು ಎಂದಿತು. ಬೇರೆ ವಿಶ್ವವಿದ್ಯಾಲಯದಿಂದ ಬರುವ ಪರೀಕ್ಷಕರಿಗೂ ಇದೇ ತರ್ಕ ಹೊಂದುತ್ತದೆ. ಆದರೆ ಐಸಿಸಿ ವರದಿ ಕೊಟ್ಟರೂ ಅದನ್ನು ಜಾರಿ ಮಾಡಲು ಆರೋಪಿಗೆ ಒಬ್ಬ ಮಾಲೀಕ ಇರಬೇಕು. ನಿವೃತ್ತರಿಗೆ, ಯಾವ ಸಂಸ್ಥೆಗೂ ಸೇರದ ಹೆಸರುವಾಸಿಗಳಿಗೆ, ಸ್ವಂತ ಉದ್ಯಮದವರಿಗೆ ಹಾಗೆ ಯಾರೂ ಇರುವುದಿಲ್ಲ. ಅಲ್ಲಿ ಉಳಿಯುವುದು ಲೈಂಗಿಕ ಕಿರುಕುಳಕ್ಕೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್, ಪೊಲೀಸ್ ಠಾಣೆ, ಮತ್ತು ಆಕೆಯ ಜೊತೆ ಠಾಣೆಗೆ ಹೋಗಲು ಕುಲಸಚಿವರ ಕಚೇರಿ ಯಾರನ್ನಾದರೂ ಕಳಿಸುತ್ತದೆಯೇ ಎನ್ನುವ ಪ್ರಶ್ನೆ.