ನಮ್ಮ ಕಡೆ ಕಾಡೇ ಇಲ್ಲ, ಹಂಗಾದ್ರೆ ಇಕೋಸಿಸ್ಟಮ್ ಎಲ್ಲಿದೆ?

ಓದುಗರ ಪ್ರಶ್ನೆ: "ನಮಸ್ಕಾರ ರೀ ಸರ್. ನಮ್ಮದು ಆಳಂದ ಕಡೆ ಹಳ್ಳಿ. ಮಗಳಿಗೆ ಸಾಲ್ಯಾಗ ಇಕೋಸಿಸ್ಟಮ್ ಪಾಠ ಅದ. ಪುಸ್ತಕದಾಗ ದಟ್ಟ ಕಾಡು, ಸಮುದ್ರ, ಮರುಭೂಮಿ ಚಿತ್ರ ಅವ. ‘ಅಪ್ಪಾ, ನಮ್ಮೂರಾಗ ಯಾವುದದ?’ ಅಂತ ಕೇಳಿದಳು. ನಮ್ಮಲ್ಲಿ ಏನದ ರೀ, ಬರೀ ಬಿಸಿಲು, ಕಲ್ಲು, ಹೊಲ. ಏನಂತ ಹೇಳಲಿ?"

ಈ ಪ್ರಶ್ನೆ ಬೀದರ್, ಯಾದಗಿರಿ ಕಡೆಯವರೂ ಪದೇ ಪದೇ ಕೇಳುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮಗಳಿಗೆ ಹೇಳಿ, ನಮ್ಮೂರಲ್ಲಿ ಒಂದಲ್ಲ, ನಾಲ್ಕೈದು ಇವೆ ಅಂತ. ನಿಮ್ಮ ತೊಗರಿ ಹೊಲ ಒಂದು. ಅದರಾಚೆ ಕುರಿ ಮೇಯುವ ಗಾಯರಾಣ, ಅಂದ್ರೆ ಊರಿನ ಗೋಮಾಳ, ಇನ್ನೊಂದು. ಕೆರೆ ಬೇರೆ, ಹಳ್ಳ ಬೇರೆ. ಮರ ಇದ್ದರೇ ಪರಿಸರ ಅನ್ನುವುದು ನಮ್ಮ ತಲೆಯಲ್ಲಿ ಹೇಗೋ ಕೂತುಬಿಟ್ಟಿದೆ. 1935ರಲ್ಲಿ ಇಕೋಸಿಸ್ಟಮ್ ಅನ್ನುವ ಪದ ತಂದವರು ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ. ಅವರು ಹೇಳಿದ್ದು ಇಷ್ಟೇ: ಗಿಡ, ಪ್ರಾಣಿಗಳನ್ನು ಮಣ್ಣು, ನೀರು, ಗಾಳಿ, ಬಿಸಿಲಿನಿಂದ ಬಿಡಿಸಿ ನೋಡಬೇಡಿ, ಎಲ್ಲಾ ಸೇರಿಯೇ ಒಂದು. ಹಾಗಾಗಿ ಯಾವ ಜಾಗಕ್ಕೇ ಹೋಗಿ, ಇಲ್ಲಿಗೆ ಶಕ್ತಿ ಎಲ್ಲಿಂದ ಬರುತ್ತದೆ, ಯಾರು ಯಾರನ್ನು ತಿನ್ನುತ್ತಾರೆ, ಸತ್ತದ್ದೆಲ್ಲ ಏನಾಗುತ್ತದೆ ಅಂತ ಕೇಳುತ್ತಾ ಹೋದರೆ ಸಾಕು.

ತೊಗರಿ ಹೊಲದಿಂದಲೇ ಶುರು ಮಾಡಿ. ಮಣ್ಣು ಹಸಿ ಇರುವಾಗ ಒಂದು ಗಿಡದ ಸುತ್ತ ಅಗೆದು ಮೆಲ್ಲಗೆ ಎತ್ತಿ. ಜಗ್ಗಬೇಡಿ, ಬೇರಿನ ಗಂಟು ಉದುರಿಬಿಡುತ್ತವೆ. ಆ ಸಣ್ಣ ಗಂಟು ಒಂದನ್ನು ಉಗುರಿನಿಂದ ಒಡೆದು ನೋಡಿ. ಒಳಗೆ ನಸುಗೆಂಪು ಬಣ್ಣ ಕಂಡರೆ ಅಲ್ಲಿ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ದುಡಿಯುತ್ತಿವೆ ಅಂತ ಅರ್ಥ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ, ಆದರೆ ಗಿಡಕ್ಕೆ ಅದನ್ನು ನೇರವಾಗಿ ತೆಗೆದುಕೊಳ್ಳಲು ಬರುವುದಿಲ್ಲ. ಈ ಬ್ಯಾಕ್ಟೀರಿಯಾ ಅದನ್ನು ಗಿಡಕ್ಕೆ ಹಿಡಿಸುವ ಹಾಗೆ ಮಾಡಿಕೊಡುತ್ತವೆ. ಗಿಡ ಬಿಸಿಲಿನಲ್ಲಿ ಮಾಡಿದ ಸಕ್ಕರೆಯನ್ನು ಅವಕ್ಕೆ ಕೊಡುತ್ತದೆ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ನಮ್ಮ ಕಲಬುರಗಿ ತೊಗರಿಯ ಹಿಂದೆ ಈ ಕಣ್ಣಿಗೆ ಕಾಣದ ಕೂಲಿಗಳೂ ಇದ್ದಾರೆ.

ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಹಸಿರು ಕೀಡಿ (ಕಾಯಿ ಕೊರೆಯುವ ಹುಳ) ಬರುತ್ತದೆ, ಅಲ್ವಾ? ನಮ್ಮ ಹಿರಿಯರು ಕೆಳಗೆ ತಾಡಪಾಲು ಹಿಡಿದು ಗಿಡ ಅಲುಗಾಡಿಸಿ ಕೀಡಿ ಉದುರಿಸುತ್ತಿದ್ದರು. ಉದುರಿದ್ದನ್ನು ಕೋಳಿ ತಿನ್ನುತ್ತಿತ್ತು. ಹೊಲದಲ್ಲಿ ಅಲ್ಲಲ್ಲಿ ಕವಲು ಕಟ್ಟಿಗೆ ನೆಟ್ಟರೆ ಕಾಜಾಣ, ಗೊರವಂಕ ಬಂದು ಕೂತು ಉಳಿದದ್ದನ್ನು ಆರಿಸುತ್ತವೆ. ವಿಷ ಹೊಡೆದರೆ ಕೀಡಿ ಸಾಯುತ್ತದೆ ನಿಜ, ಜೊತೆಗೆ ಕೀಡಿಯನ್ನು ತಿನ್ನುವ ಜೇಡ, ಕಣಜಗಳೂ ಸಾಯುತ್ತವೆ. ಮುಂದಿನ ಸರ್ತಿ ಮೊಟ್ಟೆಯಿಂದ ಹೊರಬಂದ ಕೀಡಿಗೆ ಶತ್ರುಗಳೇ ಇರುವುದಿಲ್ಲ. ಯಾರು ಯಾರನ್ನು ತಿನ್ನುತ್ತಾರೆ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ.

ಕೆಳಗಿರುವ ಎರಿ ಮಣ್ಣೂ ಸುಮ್ನೆ ಬಿದ್ದಿರುವುದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮೇಲಿನ ಪುಡಿ ಮಣ್ಣು, ಒಣಗಿದ ಎಲೆ ಆ ಬಿರುಕಿಗೆ ಬೀಳುತ್ತವೆ, ಮಳೆ ಬಂದಾಗ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ವರ್ಷ ವರ್ಷ ತನ್ನನ್ನು ತಾನೇ ಮೇಲೆ ಕೆಳಗೆ ಮಾಡಿಕೊಳ್ಳುವ ಮಣ್ಣು ಇದು.

ಈಗ ಗಾಯರಾಣ. ನನಗೆ ಜಾಸ್ತಿ ಹೇಳಬೇಕಾಗಿರುವುದು ಇದರ ಬಗ್ಗೆಯೇ, ಯಾಕಂದ್ರೆ ಇದನ್ನು ಎಲ್ಲರೂ ಖಾಲಿ ಜಾಗ ಅಂತಾರೆ. ಕಂದಾಯ ಬರದ ಭೂಮಿಯನ್ನು ಬ್ರಿಟಿಷರ ಕಾಲದಲ್ಲಿ ಬಂಜರು ಅಂತ ಬರೆದಿಟ್ಟರು, ಆ ಮಾತು ಇವತ್ತಿಗೂ ಕಾಗದದಿಂದ ಹೋಗಿಲ್ಲ. ಬೀದರ್ ಹತ್ತಿರ ಹೊನ್ನಿಕೇರಿ ಕಡೆ ಬೆಳಗ್ಗೆ ಹೋಗಿ ನೋಡಿ. ಚಿಗರಿ ಹಿಂಡು ಕಾಣುತ್ತವೆ, ತಿರುಚಿದ ಕೊಂಬಿನ ಕೃಷ್ಣಮೃಗಗಳು. ಅವಕ್ಕೆ ಬಯಲೇ ಬೇಕು. ಅಪಾಯವನ್ನು ದೂರದಿಂದಲೇ ಕಂಡು ಓಡಿ ತಪ್ಪಿಸಿಕೊಳ್ಳುವ ಪ್ರಾಣಿ ಅದು. ಮರ ದಟ್ಟವಾದರೆ ಅದರ ಕಣ್ಣೂ ಕೆಲಸಕ್ಕೆ ಬರುವುದಿಲ್ಲ, ಕಾಲೂ ಕೆಲಸಕ್ಕೆ ಬರುವುದಿಲ್ಲ.

ಚಿಗರಿ, ಕುರಿ ಇಷ್ಟು ಮೇಯ್ದರೂ ಹುಲ್ಲು ಯಾಕೆ ಸಾಯುವುದಿಲ್ಲ ಅಂತ ಮಗಳು ಕೇಳಬಹುದು. ಸಸಿ ತುದಿಯಲ್ಲಿ ಬೆಳೆಯುತ್ತದೆ, ತುದಿ ಕಡಿದರೆ ಅದಕ್ಕೆ ಪೆಟ್ಟು. ಹುಲ್ಲು ಬುಡದಲ್ಲಿ ಬೆಳೆಯುತ್ತದೆ, ಮೇಲೆ ಕಡಿದರೂ ಕೆಳಗಿನಿಂದ ಮತ್ತೆ ಬರುತ್ತದೆ. ವರ್ಷಕ್ಕೆ 700ರಿಂದ 900 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ, ತೆಳು ಮಣ್ಣು, ಮೇಯುವ ಪ್ರಾಣಿ, ಇಷ್ಟು ಇರುವ ಕಡೆ ಹುಲ್ಲು ಗೆಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ನಡೆದಾಡಿದರೆ ಲುಂಗಿಗೆ, ಸೀರೆ ಅಂಚಿಗೆ ಮುಳ್ಳಿನಂಥ ಬೀಜ ಚುಚ್ಚಿಕೊಳ್ಳುತ್ತವಲ್ಲ, ಅದರಲ್ಲಿ ಉದ್ದ ಕಪ್ಪು ಬಾಲ ಇರುವ ಒಂದನ್ನು ಕಿತ್ತು ಅಂಗೈಯಲ್ಲಿಟ್ಟು ಒಂದು ಹನಿ ನೀರು ಹಾಕಿ. ಬಾಲ ತಾನೇ ತಿರುಗಲು ಶುರು ಮಾಡುತ್ತದೆ. ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಹಗಲು ಒಣಗಿ ರಾತ್ರಿ ಇಬ್ಬನಿಗೆ ನೆನೆದು, ಬೈರಿಗೆ ತಿರುಗಿಸಿದ ಹಾಗೆ ಬೀಜ ತನ್ನನ್ನು ತಾನೇ ಮಣ್ಣಿಗೆ ಇಳಿಸಿಕೊಳ್ಳುತ್ತದೆ. ನಾನು ಮೊದಲ ಸಲ ಇದನ್ನು ನೋಡಿದ ದಿನ ಅರ್ಧ ಗಂಟೆ ಅಲ್ಲೇ ಕೂತುಬಿಟ್ಟಿದ್ದೆ.

ನಮ್ಮ ಸೋದರಮಾವನ ಊರು ಹುಮನಾಬಾದ್ ಕಡೆ. ಅಲ್ಲಿ ಇಂಥದ್ದೇ ಒಂದು ಗಾಯರಾಣ ಇತ್ತು. ಊರು ಹಸಿರಾಗಲಿ ಅಂತ ಗುಂಡಿ ತೋಡಿ ಸಸಿ ನೆಟ್ಟರು, ಬೇಲಿ ಹಾಕಿದರು. ಎಷ್ಟೋ ಸಸಿ ಒಣಗಿದವು. ಬದುಕಿದ್ದು ಅಕೇಶಿಯಾ, ಅದರ ಕೆಳಗೆ ಹುಲ್ಲು ಬರಲಿಲ್ಲ. ಕುರಿಯವರು ಬೇರೆ ಊರಿಗೆ ಹೋಗಬೇಕಾಯಿತು. ನೆಲದ ಮೇಲೇ ಗೂಡು ಕಟ್ಟುವ ನೆಲಗುಬ್ಬಿ ಅಲ್ಲಿ ಬೆಳಗ್ಗೆ ಮೇಲಕ್ಕೆ ಹಾರಿ ಹಾಡುತ್ತಿತ್ತು, ಈಗ ಕೇಳಿಸುವುದಿಲ್ಲ. ನೆಟ್ಟವರ ಮನಸ್ಸು ಒಳ್ಳೆಯದೇ ಇತ್ತು. ಆದರೆ ಅಲ್ಲಿ ಮೊದಲೇ ಒಂದು ತುಂಬಿದ ಮನೆ ಇತ್ತು ಅನ್ನುವುದು ಯಾರಿಗೂ ಕಾಣಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಸಸಿ ನೆಡಿ, ಮನೆ ಮುಂದೆ, ರಸ್ತೆ ಪಕ್ಕ, ಹೊಲದ ಬದುವಿಗೆ ನೆಡಿ. ಹುಲ್ಲುಗಾವಲಿನಲ್ಲಿ ಬೇಡ.

ಹಾಗಂತ ನಮ್ಮ ಕಡೆ ಕಾಡೇ ಇಲ್ಲ ಅನ್ನುವುದೂ ತಪ್ಪು. ಚಿಂಚೋಳಿಯಲ್ಲಿದೆ. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯಾದದ್ದು, ಸುಮಾರು 135 ಚದರ ಕಿಲೋಮೀಟರ್. ಬೇಸಿಗೆಯಲ್ಲಿ ನೋಡಿದವರು ಕಾಡು ಸತ್ತಿದೆ ಅಂದುಕೊಳ್ಳುತ್ತಾರೆ. ಎಲೆಯಿಂದ ನೀರು ಆವಿಯಾಗಿ ಹೋಗುತ್ತದೆ, ಅದಕ್ಕೆ ನೀರಿಲ್ಲದ ತಿಂಗಳುಗಳಲ್ಲಿ ಮರ ಎಲೆ ಉದುರಿಸಿ ಉಸಿರು ಬಿಗಿ ಹಿಡಿದು ಕೂರುತ್ತದೆ. ಬಿದ್ದ ಎಲೆಯನ್ನು ಗೆದ್ದಲು, ಶಿಲೀಂಧ್ರ ತಿಂದು ಮಣ್ಣಿಗೆ ಕೊಡುತ್ತವೆ. ಜೂನ್ ಮಳೆ ಬಿದ್ದರೆ ಅದೇ ಗೊಬ್ಬರ ಹೊಸ ಚಿಗುರಿಗೆ.

ಕೆರೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಬಿಸಿಲು ಹಿಡಿಯುವುದು ನೀರಿನಲ್ಲಿ ತೇಲುವ ಸಣ್ಣ ಪಾಚಿ. ಅದನ್ನು ನೀರಿನ ಚಿಕ್ಕ ಹುಳಗಳು, ಅವನ್ನು ಮೀನು, ಮೀನನ್ನು ಮಿಂಚುಳ್ಳಿ ಮತ್ತು ನಾವು. ಅಮೆರಿಕದ ರೇಮಂಡ್ ಲಿಂಡೆಮನ್ ಅನ್ನುವ ಹುಡುಗ ಒಂದು ಸಣ್ಣ ಕೆರೆಯನ್ನೇ ವರ್ಷಗಟ್ಟಲೆ ನೋಡಿ, ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಶಕ್ತಿ ಎಷ್ಟು ದಾಟುತ್ತದೆ ಅಂತ ಲೆಕ್ಕ ಹಾಕಿದರು. 1942ರಲ್ಲಿ ಅವರ ಲೇಖನ ಅಚ್ಚಾಯಿತು. ಅಷ್ಟರೊಳಗೆ, 26ನೇ ವಯಸ್ಸಿಗೇ, ಅವರು ತೀರಿಕೊಂಡಿದ್ದರು. ಪ್ರತಿ ಮೆಟ್ಟಿಲು ದಾಟುವಾಗ ಹೆಚ್ಚುಕಡಿಮೆ ಹತ್ತರಲ್ಲಿ ಒಂದೇ ಪಾಲು ಉಳಿಯುತ್ತದೆ, ಮಿಕ್ಕದ್ದು ಓಡಾಟಕ್ಕೆ, ಉಸಿರಾಟಕ್ಕೆ, ಬಿಸಿಯಾಗಿ ಖರ್ಚು. ಬಯಲಿನಲ್ಲಿ ಹುಲ್ಲು ರಾಶಿ, ಚಿಗರಿ ಹಿಂಡು, ತೋಳ ಮಾತ್ರ ಬೆರಳೆಣಿಕೆ, ಯಾಕೆ ಅನ್ನುವುದಕ್ಕೂ ಇದೇ ಉತ್ತರ.

ಕೆರೆಯಲ್ಲಿ ಬೆಳಗಿನ ಜಾವ ಮೀನು ಸತ್ತು ತೇಲುವುದನ್ನು ನೋಡಿರುತ್ತೀರಿ. ಯಾರೋ ವಿಷ ಹಾಕಿದರು ಅಂತ ಜಗಳ ಆಗುತ್ತದೆ. ಎಷ್ಟೋ ಸಲ ಕಾರಣ ಬೇರೆ ಇರುತ್ತದೆ. ಚರಂಡಿ ನೀರು, ಹೊಲದ ಗೊಬ್ಬರ ಕೆರೆಗೆ ಸೇರಿದರೆ ಪಾಚಿ ಮಿತಿಮೀರಿ ಬೆಳೆಯುತ್ತದೆ. ಹಗಲು ಅದು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ಇದ್ದದ್ದನ್ನು ಎಳೆದುಕೊಳ್ಳುತ್ತದೆ. ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಆಗಲೇ ಮೀನು ಮೇಲೆ ಬಂದು ಬಾಯಿ ಬಿಡುವುದು. ಚೊಕ್ಕ ಕೆರೆ ಹೇಗಿರುತ್ತದೆ ಅಂತ ತೋರಿಸಬೇಕಾದರೆ ಚಳಿಗಾಲದಲ್ಲಿ ಸುರಪುರ ತಾಲೂಕಿನ ಬೋನಾಳಕ್ಕೆ ಕರೆದುಕೊಂಡು ಹೋಗಿ, ದೂರ ದೇಶದ ಹಕ್ಕಿಗಳು ಬಂದಿರುತ್ತವೆ.

ಬಿಸಿಲೇ ಇಲ್ಲದ ಕಡೆ? ಬೀದರಿನ ಝರಣಿ ನರಸಿಂಹ ಗುಹೆಗೆ ಹೋದವರಿಗೆ ಗೊತ್ತು, ಎದೆಮಟ್ಟ ನೀರಿನಲ್ಲಿ ನಡೆಯುವಾಗ ತಲೆ ಮೇಲೆ ಬಾವಲಿಗಳು ಜೋತುಬಿದ್ದಿರುತ್ತವೆ. ಗುಹೆಯ ಒಳಗೆ ಒಂದು ಹಸಿರೆಲೆಯೂ ಬೆಳೆಯುವುದಿಲ್ಲ. ಹೊರಗೆ ತಿಂದು ಬಂದ ಬಾವಲಿಯ ಹಿಕ್ಕೆಯೇ ಇಂಥ ಗುಹೆಗಳಲ್ಲಿ ಸಣ್ಣ ಹುಳಗಳಿಗೆ ಊಟ. ಹೊರಗಿನ ಬಿಸಿಲೇ ಹಾಗೆ ಒಳಗೆ ಬರುತ್ತದೆ. (ಆಳ ಸಮುದ್ರದಲ್ಲಿ ಇದಕ್ಕಿಂತ ವಿಚಿತ್ರ. ಅಲ್ಲಿ ನೆಲದ ಬಿರುಕಿನಿಂದ ಬರುವ ಬಿಸಿನೀರಿನ ರಾಸಾಯನಿಕಗಳಿಂದಲೇ ಬದುಕುವ ಲೋಕ ಇದೆ. 1977ರಲ್ಲಿ ಮೊದಲು ಕಂಡದ್ದು.)

ಇನ್ನು ನಿಮ್ಮ ಮಗಳು ಒಂದು ವ್ಯವಸ್ಥೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅಂತ ಕೇಳಿದರೆ, ಆ ಝರಣಿಯ ನೀರನ್ನೇ ತೋರಿಸಿ. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ, ಅದರ ತುಂಬ ಸಣ್ಣ ತೂತು. ಮೇಲಿನ ಬಯಲಿನಲ್ಲಿ ಬಿದ್ದ ಮಳೆ ಹುಲ್ಲಿನ ಬೇರು ಹಿಡಿದು ಇಳಿದು, ಆ ತೂತುಗಳಲ್ಲಿ ಸೋಸಿ, ಕೆಳಗಿನ ಗಟ್ಟಿ ಕರಿಕಲ್ಲು ಅಡ್ಡ ಬಂದಾಗ ಪಕ್ಕಕ್ಕೆ ಹರಿದು ಹೊರಗೆ ಬರುತ್ತದೆ. ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ತೋಡಿ ನೀರು ತಂದದ್ದೂ ಇದೇ ಕಲ್ಲಿನಲ್ಲಿ. ಗುಹೆಯೊಳಗೆ ನಮ್ಮ ಎದೆಗೆ ತಣ್ಣಗೆ ತಾಗುವ ಆ ನೀರು ಯಾವತ್ತೋ ಮೇಲೆ, ಬಿಸಿಲಿನಲ್ಲಿ, ಹುಲ್ಲಿನ ಮೇಲೆ ಬಿದ್ದ ಮಳೆ.