ರೆಪೊ ದರ ಇಳಿದ ದಿನ ನಿಫ್ಟಿ ಏಕೆ ಇಳಿಯಿತು?

2025ರ ಫೆಬ್ರುವರಿ 7ರಂದು ಭಾರತೀಯ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಎಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರವನ್ನು, ಶೇ 6.5ರಿಂದ ಶೇ 6.25ಕ್ಕೆ ಇಳಿಸಿತು. ಸುಮಾರು ಐದು ವರ್ಷಗಳಲ್ಲಿ ಅದು ಮೊದಲ ಇಳಿಕೆಯಾಗಿತ್ತು. ಸಾಲ ಅಗ್ಗವಾದರೆ ಕಂಪನಿಗಳಿಗೆ ಒಳ್ಳೆಯದು, ಕಂಪನಿಗಳಿಗೆ ಒಳ್ಳೆಯದಾದರೆ ಸೂಚ್ಯಂಕ ಏರಲೇಬೇಕು ಎಂಬ ನಂಬಿಕೆಯಿಂದ ಅಂದು ಬೆಳಿಗ್ಗೆ ಷೇರುಪೇಟೆಯ ಸೂಚ್ಯಂಕವಾದ ನಿಫ್ಟಿಯ ಕಾಲ್ ಆಪ್ಷನ್ (ಸೂಚ್ಯಂಕ ನಿಗದಿತ ಮಟ್ಟದ ಮೇಲೇರಿದರೆ ಲಾಭ ಕೊಡುವ ಒಪ್ಪಂದ) ಕೊಂಡವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿಯೂ ಇದ್ದರು. ದಿನದ ವಹಿವಾಟು ಮುಗಿದಾಗ ನಿಫ್ಟಿ ಸುಮಾರು 43 ಅಂಶ ಕೆಳಗಿತ್ತು. “ಸರ, ಬಡ್ಡಿ ಕಡಿಮಿ ಆತಂತ ಎಲ್ಲಾ ಟೀವಿಯೊಳಗೂ ಹೇಳಾಕತ್ತಾರ, ಮತ್ತ ಮಾರ್ಕೆಟ್ ಯಾಕ ಇಳೀತು?” ಎಂದು ಗದಗ-ಬೆಟಗೇರಿಯ ಯುವ ವ್ಯಾಪಾರಿಯೊಬ್ಬರು ನನ್ನನ್ನು ಕೇಳಿದ್ದರು. ಅಲ್ಪಾವಧಿ ವಹಿವಾಟಿನ ಬಹುಪಾಲು ನಷ್ಟದ ಮೂಲ ಈ ಪ್ರಶ್ನೆಯಲ್ಲಿಯೇ ಇರುವುದರಿಂದ ಇದಕ್ಕೆ ವಿವರವಾದ ಉತ್ತರ ಕೊಡುವುದು ಅಗತ್ಯ ಎಂದು ನನಗೆ ಅನ್ನಿಸುತ್ತದೆ.

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕಾಲದಲ್ಲಿ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಕಕ್ಷಿದಾರರು ತಮ್ಮ ಬ್ರೋಕರ್ ಕೊಟ್ಟ ವರ್ಷದ ವಹಿವಾಟಿನ ವಿವರಪಟ್ಟಿಯನ್ನು ತಂದು ಮುಂದಿಡುತ್ತಾರೆ. ಆ ಪಟ್ಟಿಯ ದಿನಾಂಕಗಳನ್ನು ಬಜೆಟ್, ರಿಸರ್ವ್ ಬ್ಯಾಂಕ್ ಸಭೆ, ಹಣದುಬ್ಬರದ ಅಂಕಿ-ಅಂಶ, ಚುನಾವಣಾ ಫಲಿತಾಂಶ ಮುಂತಾದ ದಿನಗಳ ಜೊತೆ ಇಟ್ಟು ನೋಡಿದಾಗ, ದೊಡ್ಡ ನಷ್ಟಗಳು ಬಹುತೇಕ ಇಂಥ ದಿನಗಳ ಸುತ್ತಲೇ ಸೇರಿಕೊಂಡಿರುವುದು ಕಾಣುತ್ತದೆ. ನನ್ನ ಮನಸ್ಸಿಗೆ ಹೆಚ್ಚು ನೋವಾಗುವುದು, ಸುದ್ದಿಯನ್ನು ಸರಿಯಾಗಿಯೇ ಊಹಿಸಿದವರೂ ಹಣ ಕಳೆದುಕೊಂಡಿರುವುದನ್ನು ಕಂಡಾಗ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕುಳಿತ ಖರೀದಿದಾರನಿಗೆ ಇದರ ಕಾರಣವನ್ನು ಹೇಳಿಕೊಡಬೇಕಾಗಿಲ್ಲ. ಸುಗ್ಗಿಯಲ್ಲಿ ಆವಕ ಹೆಚ್ಚುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ, ಆವಕ ಹೆಚ್ಚಾಯಿತು ಎಂಬಷ್ಟಕ್ಕೇ ದರ ಬೀಳುವುದಿಲ್ಲ. ಎಲ್ಲರೂ ಅಂದುಕೊಂಡದ್ದಕ್ಕಿಂತ ಹೆಚ್ಚು ಚೀಲ ಬಂದಾಗ ಬೀಳುತ್ತದೆ. ಸೂಚ್ಯಂಕದ ನಡೆಯೂ ಹೀಗೆಯೇ. ಫೆಬ್ರುವರಿಯ ಕಾಲು ಶೇಕಡಾ ಇಳಿಕೆಯನ್ನು ಮಾರುಕಟ್ಟೆ ಮೊದಲೇ ನಿರೀಕ್ಷಿಸಿತ್ತು, ಆ ನಿರೀಕ್ಷೆ ಹಿಂದಿನ ದಿನಗಳ ಬೆಲೆಯಲ್ಲಿಯೇ ಸೇರಿತ್ತು. ಅದೇ ವರ್ಷದ ಜೂನ್ 6ರಂದು ಕಾಲು ಶೇಕಡಾ ಇಳಿಕೆಯನ್ನೇ ನಿರೀಕ್ಷಿಸುತ್ತಿದ್ದಾಗ ರಿಸರ್ವ್ ಬ್ಯಾಂಕು ಅರ್ಧ ಶೇಕಡಾ ಇಳಿಸಿತು, ಜೊತೆಗೆ ನಗದು ಮೀಸಲು ಅನುಪಾತವನ್ನು (ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ಪಾಲು) ಹಂತ ಹಂತವಾಗಿ ಶೇ 3ಕ್ಕೆ ತರುವುದಾಗಿ ಪ್ರಕಟಿಸಿತು. ಅಂದು ನಿಫ್ಟಿ ಸುಮಾರು ಶೇ 1ರಷ್ಟು ಏರಿ 25,000 ದಾಟಿತು. 2022ರ ಮೇ 4ರ ಮಧ್ಯಾಹ್ನ ಯಾವ ಪೂರ್ವನಿಗದಿತ ಸಭೆಯೂ ಇಲ್ಲದಿದ್ದಾಗ ರೆಪೊ ದರವನ್ನು ಶೇ 4ರಿಂದ ಶೇ 4.4ಕ್ಕೆ ಏರಿಸಿದ ಪ್ರಕಟಣೆ ಬಂದಿತು. ಯಾರೂ ಅದಕ್ಕೆ ಸಿದ್ಧರಿರಲಿಲ್ಲವಾದ್ದರಿಂದ ನಿಫ್ಟಿ ಆ ದಿನ ಶೇ 2.3ರಷ್ಟು ಕುಸಿಯಿತು. ಆದ್ದರಿಂದ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು ಎಷ್ಟನ್ನು ನಿರೀಕ್ಷಿಸಲಾಗಿತ್ತು ಎಂದು ಕೇಳಬೇಕು. ಆ ಅಂಕಿಯನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಲಾಗದವರು ಆ ಸುದ್ದಿಯ ಮೇಲೆ ವಹಿವಾಟು ಮಾಡದಿರುವುದೇ ಒಳ್ಳೆಯದು.

ಆಪ್ಷನ್ ಕೊಳ್ಳುವವರಿಗೆ ಇನ್ನೂ ಒಂದು ತೊಡಕಿದೆ. ನಿರೀಕ್ಷೆಯ ಜೊತೆಗೆ ಆತಂಕವೂ ಪ್ರೀಮಿಯಂನಲ್ಲಿ, ಎಂದರೆ ಆಪ್ಷನ್‌ಗೆ ಕೊಡುವ ಬೆಲೆಯಲ್ಲಿ, ಸೇರಿರುತ್ತದೆ. ಉದಾಹರಣೆಗೆ, ನಿಫ್ಟಿ 25,000ದಲ್ಲಿದೆ, ನಾಳೆ ದೊಡ್ಡ ಪ್ರಕಟಣೆ ಇದೆ, 25,000ದ ಕಾಲ್‌ಗೆ 180 ರೂಪಾಯಿ, ಸೂಚ್ಯಂಕ ಆ ಮಟ್ಟದ ಕೆಳಗಿಳಿದರೆ ಲಾಭ ಕೊಡುವ ಪುಟ್‌ಗೆ 170 ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಯಾವ ಕಡೆ ಹೋದರೂ ಲಾಭವಾಗಲಿ ಎಂದು ಎರಡನ್ನೂ ಕೊಂಡವರು 350 ರೂಪಾಯಿ ಕೊಟ್ಟಿರುತ್ತಾರೆ. ಎಕ್ಸ್‌ಪೈರಿಯ, ಎಂದರೆ ಆಪ್ಷನ್‌ನ ಅವಧಿ ಮುಗಿಯುವ, ಹೊತ್ತಿಗೆ ನಿಫ್ಟಿ 350 ಅಂಶಕ್ಕಿಂತ, ಎಂದರೆ ಶೇ 1.4ಕ್ಕಿಂತ ಹೆಚ್ಚು ಚಲಿಸದಿದ್ದರೆ ಅವರಿಗೆ ನಷ್ಟವೇ. ಒಂದು ಲಾಟ್‌ಗೆ (ಕೊಳ್ಳಬಹುದಾದ ಕನಿಷ್ಠ ಕಟ್ಟು) 75 ಯುನಿಟ್ ಎಂದು ಹಿಡಿದರೆ ಕೊಟ್ಟ ಹಣ 26,250 ರೂಪಾಯಿ. ನಿಫ್ಟಿ 200 ಅಂಶ ಏರಿ ನಿಂತರೆ, ಅಂಥ ಏರಿಕೆಯ ದಿನವೂ 11,250 ರೂಪಾಯಿ ಕೈಬಿಟ್ಟು ಹೋಗುತ್ತದೆ. ಪ್ರಕಟಣೆ ಹೊರಬಿದ್ದ ಕೆಲವೇ ನಿಮಿಷಗಳಲ್ಲಿ ಅನಿಶ್ಚಿತತೆ ಕರಗಿ, ಸೂಚ್ಯಂಕ ಅಲ್ಲಾಡದಿದ್ದರೂ ಕಾಲ್ ಮತ್ತು ಪುಟ್ ಎರಡರ ಬೆಲೆಯೂ ಕುಗ್ಗುವುದನ್ನು ಹೊಸಬರು ಮೋಸವೆಂದು ಭಾವಿಸುತ್ತಾರೆ. ಅದು ಆಪ್ಷನ್‌ನ ಸಹಜ ಗುಣ. ಈ ಆತಂಕದ ಅಳತೆಯೇ ಇಂಡಿಯಾ ವಿಕ್ಸ್. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ಅದು 26ರ ಮೇಲೆ ಮುಕ್ತಾಯವಾಗಿ ಮರುದಿನವೇ 19ರ ಆಸುಪಾಸಿಗೆ ಇಳಿಯಿತು. ಮರುದಿನ ನಿಫ್ಟಿ ಶೇ 3ಕ್ಕಿಂತ ಹೆಚ್ಚು ಚೇತರಿಸಿಕೊಂಡರೂ, ಹಿಂದಿನ ದಿನದ ಗಾಬರಿಯಲ್ಲಿ ದುಬಾರಿ ಬೆಲೆಗೆ ಕಾಲ್ ಕೊಂಡವರ ಲಾಭದ ಒಂದು ಭಾಗವನ್ನು ಈ ಇಳಿತ ತಿಂದುಹಾಕಿತು.

ಹಾಗಾದರೆ ಆಪ್ಷನ್ ಮಾರುವುದೇ ಜಾಣತನವಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದೇ ಜೂನ್ 4ರಂದು ನಿಫ್ಟಿ ಶೇ 5.9ರಷ್ಟು, ಸುಮಾರು 1,379 ಅಂಶ ಕುಸಿದಿತ್ತು. ಅದರ ಹಿಂದಿನ ದಿನ ಮತಗಟ್ಟೆ ಸಮೀಕ್ಷೆಗಳ ಹುಮ್ಮಸ್ಸಿನಲ್ಲಿ ಶೇ 3ಕ್ಕಿಂತ ಹೆಚ್ಚು ಏರಿತ್ತು. ಪುಟ್ ಮಾರಿ ಸಣ್ಣ ಪ್ರೀಮಿಯಂ ಗಳಿಸುತ್ತಿದ್ದವರಿಗೆ ಅಂಥ ಒಂದೇ ದಿನ ಅನೇಕ ತಿಂಗಳುಗಳ ಗಳಿಕೆಯನ್ನು ಅಳಿಸಿಹಾಕಲು ಸಾಕು. ರಕ್ಷಣೆಯಿಲ್ಲದೆ ಆಪ್ಷನ್ ಮಾರುವುದನ್ನು ಸಣ್ಣ ಬಂಡವಾಳದವರಿಗೆ ನಾನು ಯಾವ ಸಂದರ್ಭದಲ್ಲಿಯೂ ಹೇಳುವುದಿಲ್ಲ.

ಸುದ್ದಿ ಬರುವ ಗಳಿಗೆಯೂ ಮುಖ್ಯ. ನಮ್ಮ ಷೇರುಪೇಟೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ನಡೆಯುತ್ತದೆ. ಚಿಲ್ಲರೆ ಹಣದುಬ್ಬರದ ಅಂಕಿ-ಅಂಶ ಸಾಮಾನ್ಯವಾಗಿ ಪ್ರತಿ ತಿಂಗಳ 12ರಂದು ಸಂಜೆ 4 ಗಂಟೆಗೆ ಹೊರಬರುತ್ತದೆ. 2024ರ ನವೆಂಬರ್‌ಗೆ ಮೊದಲು ಅದು ಸಂಜೆ 5.30ಕ್ಕೆ ಬರುತ್ತಿತ್ತು. ಅಮೆರಿಕದ ಹಣದುಬ್ಬರ ಮತ್ತು ಉದ್ಯೋಗದ ವರದಿಗಳು ನಮ್ಮ ಗಡಿಯಾರದಲ್ಲಿ ಸಂಜೆ 6 ಅಥವಾ 7 ಗಂಟೆಗೆ, ಅಲ್ಲಿನ ಫೆಡರಲ್ ರಿಸರ್ವ್‌ನ ನಿರ್ಧಾರ ನಡುರಾತ್ರಿಯ ಹೊತ್ತಿಗೆ ಬರುತ್ತವೆ. ಆ ಹೊತ್ತಿನಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿ ನಿಫ್ಟಿಯನ್ನೇ ಆಧರಿಸಿದ ಗಿಫ್ಟ್ ನಿಫ್ಟಿ ಎಂಬ ಒಪ್ಪಂದ ವಹಿವಾಟಾಗುತ್ತಿರುತ್ತದೆ, ಆದರೆ ಇಲ್ಲಿನ ಚಿಲ್ಲರೆ ಹೂಡಿಕೆದಾರರಿಗೆ ಅದರ ಬಾಗಿಲು ತೆರೆದಿಲ್ಲ. ಹೀಗಾಗಿ ಬೆಳಿಗ್ಗೆ ನಮ್ಮ ಪೇಟೆ ತೆರೆಯುವಾಗ ಸೂಚ್ಯಂಕ ಹೊಸ ಮಟ್ಟಕ್ಕೆ ಜಿಗಿದಿರುತ್ತದೆ ಅಥವಾ ಬಿದ್ದಿರುತ್ತದೆ. ರಾತ್ರಿ ಉಳಿಸಿಕೊಂಡ ವಹಿವಾಟಿಗೆ ಸ್ಟಾಪ್‌ಲಾಸ್ (ಬೆಲೆ ನಿಗದಿತ ಮಟ್ಟ ಮುಟ್ಟಿದಾಗ ನಷ್ಟ ನಿಲ್ಲಿಸಲು ಹಾಕಿಟ್ಟ ಆದೇಶ) ಇದೆ ಎಂದು ನೆಮ್ಮದಿಯಿಂದ ಮಲಗುವವರು ಒಂದು ಮಾತನ್ನು ತಿಳಿದಿರಬೇಕು: ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ) ಆಪ್ಷನ್‌ಗಳಲ್ಲಿ ಮಾರುಕಟ್ಟೆ ಬೆಲೆಯ ಸ್ಟಾಪ್‌ಲಾಸ್ ಆದೇಶವನ್ನು 2021ರಲ್ಲಿಯೇ ನಿಲ್ಲಿಸಲಾಗಿದೆ, ಮಿತಿ ಬೆಲೆಯ ಆದೇಶ ಮಾತ್ರ ಉಳಿದಿದೆ, ಬೆಲೆ ಆ ಮಿತಿಯನ್ನು ದಾಟಿ ಹಾರಿದರೆ ಆದೇಶ ಹಾಗೆಯೇ ಬಾಕಿ ಉಳಿಯುತ್ತದೆ, ನಷ್ಟ ಬೆಳೆಯುತ್ತಲೇ ಹೋಗುತ್ತದೆ.

ರಿಸರ್ವ್ ಬ್ಯಾಂಕಿನ ನೀತಿ ಪ್ರಕಟಣೆ ಮಾತ್ರ ಬೆಳಿಗ್ಗೆ 10 ಗಂಟೆಗೆ, ಪೇಟೆ ನಡೆಯುತ್ತಿರುವಾಗಲೇ ಬರುತ್ತದೆ. ಆಗ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ಅಗಲವಾಗುತ್ತದೆ, ಮೊದಲ ನಿಮಿಷಗಳ ಜಿಗಿತ ಗವರ್ನರ್ ಭಾಷಣ ಮುಗಿಯುವಷ್ಟರಲ್ಲಿ ತಿರುವುಮುರುವಾಗುವುದೂ ಉಂಟು. ನಿಫ್ಟಿಯ ವಾರದ ಎಕ್ಸ್‌ಪೈರಿ 2025ರ ಸೆಪ್ಟೆಂಬರ್‌ನಿಂದ ಮಂಗಳವಾರಕ್ಕೆ ಬಂದಿರುವುದರಿಂದ, ಶುಕ್ರವಾರದ ಪ್ರಕಟಣೆಗೆಂದು ಕೊಂಡ ಆಪ್ಷನ್ ಶನಿವಾರ, ಭಾನುವಾರಗಳ ಕಾಲಕ್ಷಯವನ್ನೂ, ಎಂದರೆ ದಿನ ಕಳೆದಂತೆ ಆಗುವ ಬೆಲೆ ಇಳಿತವನ್ನೂ, ಹೊರಬೇಕಾಗುತ್ತದೆ.

ಇಷ್ಟೆಲ್ಲ ತಿಳಿದೂ ವಹಿವಾಟು ಮಾಡಲೇಬೇಕೆನ್ನುವವರು ನಷ್ಟದ ಮಿತಿ ಮೊದಲೇ ಗೊತ್ತಿರುವ ಜೋಡಿ ವಹಿವಾಟನ್ನು ಆರಿಸಿಕೊಳ್ಳಲಿ. ಮೇಲಿನ ಉದಾಹರಣೆಯಲ್ಲಿ 25,000ದ ಕಾಲ್ ಅನ್ನು 180ಕ್ಕೆ ಕೊಂಡು 25,200ರ ಕಾಲ್ ಅನ್ನು 95ಕ್ಕೆ ಮಾರಿದರೆ, ಹೆಚ್ಚೆಂದರೆ ಹೋಗುವುದು 85 ರೂಪಾಯಿ, ಬರುವುದು 115 ರೂಪಾಯಿ. ಆತಂಕ ಕರಗಿದಾಗ ಮಾರಿದ ಕಾಲ್‌ನ ಬೆಲೆಯೂ ಕುಗ್ಗುವುದರಿಂದ ಹೊಡೆತ ಸೌಮ್ಯವಾಗುತ್ತದೆ. ಪ್ರಕಟಣೆಯ ನಂತರ ಅರ್ಧ ಗಂಟೆ ಕಾದು ಪೇಟೆ ನೆಲೆ ನಿಂತ ಮೇಲೆ ಪ್ರವೇಶಿಸುವುದು ಇದಕ್ಕಿಂತಲೂ ಉತ್ತಮ ಎಂಬುದು ನನ್ನ ಅಭಿಪ್ರಾಯ.

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನಾಂಕದ ವಹಿವಾಟಿಗೆ ಇಂದೇ ಬೆಲೆ ನಿಗದಿಸುವ ಒಪ್ಪಂದ) ಮತ್ತು ಆಪ್ಷನ್ಸ್ ವಿಭಾಗದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಜನರಿಗೆ ನಷ್ಟವಾಗಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ, ವಹಿವಾಟಿನ ವೆಚ್ಚಕ್ಕೇ ಸುಮಾರು 50,000 ಕೋಟಿ ಹೋಗಿದೆ. ಇದರ ಬೆನ್ನಲ್ಲೇ ಕಾಂಟ್ರಾಕ್ಟ್‌ನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಲಾಯಿತು, ಪ್ರತಿ ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ ಎಂಬ ನಿಯಮ ಬಂದಿತು. ನನ್ನ ಮೇಜಿಗೆ ಬರುವ ಪಟ್ಟಿಗಳಲ್ಲಿಯೂ ಬ್ರೋಕರೇಜ್, ಜಿಎಸ್‌ಟಿ, ವಹಿವಾಟು ತೆರಿಗೆಗಳ ಮೊತ್ತವನ್ನು ಬೇರೆಯಾಗಿ ಕೂಡಿಸಿ ತೋರಿಸಿದಾಗ ಕಕ್ಷಿದಾರರು ಮೌನವಾಗುತ್ತಾರೆ.

ತೆರಿಗೆಯ ವಿಷಯದಲ್ಲಿ ಆಗುವ ತಪ್ಪು ಇದಕ್ಕೆ ಸೇರಿಕೊಳ್ಳುತ್ತದೆ. ಸೂಚ್ಯಂಕದ ಆಪ್ಷನ್ ಮತ್ತು ಫ್ಯೂಚರ್ಸ್‌ನ ಲಾಭ-ನಷ್ಟವನ್ನು ಕಾನೂನು ವ್ಯವಹಾರದ ಆದಾಯವೆಂದು ಪರಿಗಣಿಸುತ್ತದೆ. ನಷ್ಟವನ್ನು ಅದೇ ವರ್ಷದ ಬಾಡಿಗೆ, ಬಡ್ಡಿ ಮುಂತಾದ ಆದಾಯದಲ್ಲಿ ಕಳೆಯಬಹುದು, ಸಂಬಳದಲ್ಲಿ ಕಳೆಯುವಂತಿಲ್ಲ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ ಸಂಬಳದಾರರು ಅನೇಕರಿರುವುದರಿಂದ ಇದನ್ನು ಒತ್ತಿ ಹೇಳುತ್ತೇನೆ. ರೈಲ್ವೆ ಮತ್ತು ಕೇಂದ್ರ ಸರ್ಕಾರಿ ನೌಕರರ ನಡತೆ ನಿಯಮಗಳು ಷೇರುಗಳಲ್ಲಿ ಸಟ್ಟಾ ವ್ಯವಹಾರವನ್ನು ನಿಷೇಧಿಸಿವೆ, ಪದೇ ಪದೇ ಕೊಂಡು ಮಾರುವುದನ್ನು ಸಟ್ಟಾ ಎಂದೇ ಪರಿಗಣಿಸುತ್ತವೆ. ಉಳಿದವರು ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಆ ನಷ್ಟವನ್ನು ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ದು ವ್ಯವಹಾರದ ಆದಾಯದಲ್ಲಿ ಕಳೆಯಬಹುದು. ನಷ್ಟವೇ ಆಗಿರುವಾಗ ರಿಟರ್ನ್ ಏಕೆ ಎಂದು ಸುಮ್ಮನಿದ್ದವರಿಗೆ ಆ ಹಕ್ಕು ಉಳಿಯುವುದಿಲ್ಲ.