ರೇಂಜರ್ ಹುಡುಗಿಯರಿಗೆ ನಾನೇನು ಕಲಿಸಲಿ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಉಪನ್ಯಾಸಕಿ. ಈ ವರ್ಷ ರೇಂಜರ್ (ಸ್ಕೌಟ್ಸ್-ಗೈಡ್ಸ್‌ನ ಹಿರಿಯ ಹುಡುಗಿಯರ ವಿಭಾಗ) ಘಟಕದ ಹೊಣೆಯನ್ನು ನನಗೆ ವಹಿಸಿದ್ದಾರೆ. ಶಾಲೆಯಲ್ಲಿದ್ದಾಗ ನಾನು ಗೈಡ್ ಆಗಿರಲಿಲ್ಲ, ಒಂದು ಗಂಟು ಹಾಕಲೂ ಬರುವುದಿಲ್ಲ. 18–20 ವರ್ಷದ ಹುಡುಗಿಯರಿಗೆ ನಾನೇನು ಕಲಿಸಲಿ? ಮೊದಲ ಸಭೆಗೆ ಬಂದವರಲ್ಲಿ ಅರ್ಧದಷ್ಟು ಜನ ಎರಡನೆಯದಕ್ಕೆ ಬರಲೇ ಇಲ್ಲ.

ಉತ್ತರ: ಕಲಿಸುವ ಚಿಂತೆಯನ್ನು ಸದ್ಯಕ್ಕೆ ಬದಿಗಿಡಿ. ಗಂಟು ಹಾಕಲು ಬಾರದಿರುವುದು ದೊಡ್ಡ ಕೊರತೆಯಲ್ಲ. ಶಾಲೆಯಲ್ಲಿ ಗೈಡ್ ಆಗಿದ್ದ ಒಬ್ಬಿಬ್ಬರು ತಂಡದಲ್ಲಿದ್ದರೆ ಅವರು ಉಳಿದವರಿಗೆ ಕಲಿಸುತ್ತಾರೆ, ಅವರ ಪಕ್ಕದಲ್ಲಿ ಕುಳಿತು ನೀವೂ ಕಲಿಯಬಹುದು. ರೇಂಜರ್ ಲೀಡರ್ ಕೆಲಸದ ಹೆಚ್ಚಿನ ಪಾಲು ನಡೆಯುವುದು ತಂಡದ ಹೊರಗೆ: ಪ್ರಾಂಶುಪಾಲರ ಕೊಠಡಿಯಲ್ಲಿ, ಹುಡುಗಿಯರ ಮನೆಯ ಪಡಸಾಲೆಯಲ್ಲಿ, ಕೆಲವೊಮ್ಮೆ ಬಸ್ ಡಿಪೊದಲ್ಲಿ. ಏನು ಮಾಡಬೇಕೆಂದು ಆ ವಯಸ್ಸಿನವರು ತಾವೇ ತೀರ್ಮಾನಿಸಬಲ್ಲರು. ಆ ತೀರ್ಮಾನಕ್ಕೆ ಬೇಕಾದ ಅಪ್ಪಣೆ, ಸಮಯ, ಸುರಕ್ಷತೆಗಳನ್ನು ಒದಗಿಸಿಕೊಡಲು ಮಾತ್ರ ಅವರಿಗೆ ಹಿರಿಯರೊಬ್ಬರು ಬೇಕು. ನಿಮ್ಮನ್ನು ಆ ಜಾಗಕ್ಕೆ ಹಾಕಿದ್ದಾರೆ.

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಹೆಣ್ಣುಮಕ್ಕಳ ವಿಭಾಗಗಳು ವಯಸ್ಸಿಗೆ ತಕ್ಕಂತೆ ಇವೆ. ಪುಟ್ಟ ಮಕ್ಕಳು ಬುಲ್‌ಬುಲ್, 10 ವರ್ಷ ದಾಟಿದವರು ಗೈಡ್, ಪಿಯುಸಿ ವಯಸ್ಸಿನಿಂದ 25ರವರೆಗಿನವರು ರೇಂಜರ್. ಗೈಡ್‌ಗಳು ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಹತ್ತುತ್ತಾರೆ. ರೇಂಜರ್‌ಗಳು ಪ್ರವೀಣ, ನಿಪುಣ ಹಂತಗಳನ್ನು ಮುಗಿಸಿ ರಾಜ್ಯ ಪುರಸ್ಕಾರದ ಕಡೆಗೆ, ಅಲ್ಲಿಂದ ರಾಷ್ಟ್ರಪತಿ ಪುರಸ್ಕಾರದ ಕಡೆಗೆ ಹೋಗುತ್ತಾರೆ. ಗೈಡ್‌ಗಳಿಗೆ ‘ಸಿದ್ಧರಾಗಿರಿ’ ಎಂಬುದು ಧ್ಯೇಯವಾಕ್ಯ, ರೇಂಜರ್‌ಗಳಿಗೆ ‘ಸೇವೆ’. ಇಷ್ಟು ತಿಳಿದಿದ್ದರೆ ಕಚೇರಿಯ ಕಾಗದಪತ್ರಕ್ಕೆ ಸಾಕು.

ಒಂದು ಸಂಗತಿಯನ್ನು ಮಾತ್ರ ನೆನಪಿಟ್ಟುಕೊಳ್ಳಿ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಬಾಲಕರ ಸ್ಕೌಟ್ ಮೇಳ ನಡೆದಾಗ ಕೆಲವು ಹುಡುಗಿಯರು ತಾವಾಗಿಯೇ ಬಂದು ನಿಂತು, ‘ನಮಗೂ ಇದು ಬೇಕು’ ಎಂದರು. ಮರುವರ್ಷ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಮತ್ತು ಅವರ ತಂಗಿ ಆಗ್ನೆಸ್ ಗರ್ಲ್ ಗೈಡ್ಸ್ ಕಟ್ಟಿದರು. 1911ರಲ್ಲೇ ಅದು ನಮ್ಮ ದೇಶದ ಜಬಲ್ಪುರಕ್ಕೂ ಬಂತು. ಗೈಡ್ ವಯಸ್ಸು ಮೀರಿದವರು ‘ಇನ್ನು ನಾವೆಲ್ಲಿಗೆ ಹೋಗಬೇಕು’ ಎಂಬಂತಾದಾಗ ಹಿರಿಯ ಗೈಡ್‌ಗಳ ಶಾಖೆ ಹುಟ್ಟಿತು. 1920ರಲ್ಲಿ ಅದಕ್ಕೆ ರೇಂಜರ್ ಎಂಬ ಹೆಸರಾಯಿತು. ಹುಡುಗಿಯರು ಕೇಳಿ ಪಡೆದ ಸಂಸ್ಥೆ ಇದು. ಅದರ ಹಿರಿಯ ಶಾಖೆಯಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ ಉಪದೇಶ ಮಾಡುತ್ತಾ ಕುಳಿತರೆ ಅವರು ಎರಡನೆಯ ಸಭೆಗೆ ಬಾರದಿರುವುದು ಸಹಜವೇ. ದಿನವಿಡೀ ತರಗತಿಯಲ್ಲಿ ಕೇಳಿಸಿಕೊಂಡವರು ಸಂಜೆಯೂ ಕೇಳಿಸಿಕೊಳ್ಳಲು ಏಕೆ ಬರಬೇಕು?

ಹಾಗಾಗಿ ಮುಂದಿನ ಸಭೆಗೆ ನೀವು ಕಾರ್ಯಕ್ರಮ ಪಟ್ಟಿ ತಯಾರಿಸಿಕೊಂಡು ಹೋಗಬೇಡಿ. ತಂಡದ ಪರಿಷತ್ತು ಎಂಬ ವ್ಯವಸ್ಥೆ ಇರುವುದು ಇದಕ್ಕಾಗಿಯೇ. ಅಧ್ಯಕ್ಷತೆ ಒಬ್ಬ ರೇಂಜರ್‌ಗೆ, ನಡಾವಳಿ ಬರೆಯುವುದು ಇನ್ನೊಬ್ಬಳಿಗೆ, ಹಣದ ಲೆಕ್ಕ ಮತ್ತೊಬ್ಬಳಿಗೆ ಇರಲಿ. ನೀವು ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲ ಕಾಲು ಗಂಟೆ ಯಾರೂ ಮಾತನಾಡಲಿಕ್ಕಿಲ್ಲ. ಉಪನ್ಯಾಸಕರಾದ ನಮಗೆ ಆ ಮೌನ ಸಹಿಸಲಾಗದು, ಬಾಯಿ ತುರಿಸುತ್ತದೆ. ತಡೆದುಕೊಳ್ಳಿ. ಅವರು ಸ್ವರಕ್ಷಣೆ ಕಲಿಯಬೇಕು ಎನ್ನಬಹುದು, ಬಾದಾಮಿಯ ಗುಡ್ಡ ಹತ್ತಬೇಕು ಎನ್ನಬಹುದು, ಬ್ಯಾಂಕಿನ ಫಾರ್ಮ್ ತುಂಬುವುದನ್ನು ಕಲಿಸಿ ಎನ್ನಬಹುದು. ಕೊನೆಯದು ಕ್ಷುಲ್ಲಕವೆನಿಸಿದರೆ ಹಾಗೆ ತಳ್ಳಿಹಾಕಬೇಡಿ. ತಾನು ಕಲಿತ ಹುಡುಗಿ ನಾಳೆ ಓಣಿಯ ಹತ್ತು ಹೆಂಗಸರಿಗೆ ತುಂಬಿಕೊಡುತ್ತಾಳೆ, ಅದೇ ಸೇವೆಯಾಗುತ್ತದೆ.

ಇನ್ನು ಬಾರದವರ ವಿಷಯ. ‘ಆಸಕ್ತಿಯಿಲ್ಲ’ ಎಂದು ಹಾಜರಿ ಪುಸ್ತಕ ಮುಚ್ಚುವ ಮೊದಲು ಒಬ್ಬೊಬ್ಬರನ್ನೂ ಕರೆದು, ಮನೆಗೆ ಹೋಗುವ ಬಸ್ ಎಷ್ಟು ಗಂಟೆಗೆ ಎಂದು ಕೇಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಹಣದ ತೊಡಕು ಬಹುಮಟ್ಟಿಗೆ ತಪ್ಪಿದೆ, ವೇಳೆಯ ತೊಡಕು ಹಾಗೆಯೇ ಉಳಿದಿದೆ. ನಾಲ್ಕೂವರೆಯ ಬಸ್ ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ ಎಂದಾದರೆ ನಾಲ್ಕಕ್ಕೆ ಶುರುವಾಗುವ ಸಭೆಗೆ ಯಾವ ಹುಡುಗಿ ನಿಲ್ಲುತ್ತಾಳೆ? ಗುಳೇದಗುಡ್ಡ, ಇಳಕಲ್, ರಬಕವಿ-ಬನಹಟ್ಟಿ ಕಡೆಯ ನೇಕಾರರ ಮನೆಯವಳಾದರೆ ಭಾನುವಾರ ಕಂಡಿಕೆ ಸುತ್ತುವ ಕೆಲಸ ಕಾದಿರುತ್ತದೆ. ವಿಜಯಪುರದ ಕಡೆ ತಂದೆತಾಯಿ ದುಡಿಯಲು ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೋಗಿದ್ದರೆ ತಮ್ಮ ತಂಗಿಯರ ಊಟ ಅವಳ ಕೈಯಲ್ಲಿರುತ್ತದೆ. ಪರಿಹಾರ ದೊಡ್ಡದೇನಲ್ಲ: ಸಭೆಯನ್ನು ಕಾಲೇಜಿನ ವೇಳಾಪಟ್ಟಿಯೊಳಗೇ ತನ್ನಿ. ವಾರದಲ್ಲಿ ಒಂದು ಅವಧಿಯನ್ನು ಪ್ರಾಂಶುಪಾಲರಿಂದ ಬರವಣಿಗೆಯಲ್ಲಿ ಪಡೆಯುವುದು ನಿಮ್ಮ ಮೊದಲ ಕೆಲಸ. ಇದನ್ನು ಹುಡುಗಿಯರು ಮಾಡಲಾರರು, ನೀವು ಮಾಡಬಲ್ಲಿರಿ.

ಎರಡನೆಯದು ಮನೆಯವರ ಅಪ್ಪಣೆ. ಕಾನೂನಿನ ಪ್ರಕಾರ 18 ತುಂಬಿದವಳು ತನ್ನ ಕಾಗದಕ್ಕೆ ತಾನೇ ಸಹಿ ಹಾಕಬಹುದು. ನಮ್ಮ ಊರುಗಳಲ್ಲಿ ಶಿಬಿರಕ್ಕೆ ಆ ಸಹಿಯೊಂದನ್ನೇ ನಂಬಿ ಹೊರಟರೆ ಆ ಹುಡುಗಿಯ ಮುಂದಿನ ಶಿಬಿರ ಮಾತ್ರವಲ್ಲ, ಕಾಲೇಜೂ ನಿಂತೀತು. ಮನೆಗೆ ಹೋಗಿ, ಹಗಲು ಹೊತ್ತಿನಲ್ಲಿ, ಸಾಧ್ಯವಾದರೆ ಇನ್ನೊಬ್ಬ ಉಪನ್ಯಾಸಕಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ತಂದೆಯೊಡನೆ ಮಾತನಾಡಿ, ಅಜ್ಜಿಯನ್ನು ಮರೆಯಬೇಡಿ. ಬಹಳ ಮನೆಗಳಲ್ಲಿ ಕೊನೆಯ ಮಾತು ಅವರದು. ಎಲ್ಲಿ ಮಲಗುತ್ತಾರೆ, ಸ್ನಾನದ ಮನೆಗೆ ಚಿಲಕ ಇದೆಯೇ, ರಾತ್ರಿ ಯಾವ ಮಹಿಳಾ ಲೀಡರ್ ಜೊತೆಗಿರುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಅವರು ಕೇಳುವ ಮೊದಲೇ ಹೇಳಿ. ಮಗಳ ಮೇಲೆ ಅಪನಂಬಿಕೆಯಿಂದ ಬೇಡವೆನ್ನುವವರಿಗಿಂತ ಯಾರೂ ಸರಿಯಾಗಿ ವಿವರಿಸದ ಕಾರಣಕ್ಕೆ ಬೇಡವೆನ್ನುವವರೇ ಹೆಚ್ಚು.

ಅಲ್ಲಿ ಸರ್ಟಿಫಿಕೇಟಿನ ಪ್ರಶ್ನೆಯೂ ಬರುತ್ತದೆ. ರೈಲ್ವೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇರುವುದು ನಿಜ, ರಾಷ್ಟ್ರಪತಿ ಪುರಸ್ಕಾರ ಪಡೆದ ರೇಂಜರ್‌ಗಳು ಅದಕ್ಕೆ ಅರ್ಜಿ ಹಾಕಬಹುದು. ಆದರೆ ಹುದ್ದೆಗಳು ಬೆರಳೆಣಿಕೆಯವು. ‘ನೌಕರಿ ಸಿಗುತ್ತದೆ’ ಎಂಬ ಮಾತು ನಿಮ್ಮ ಬಾಯಿಂದ ಬರದಿರಲಿ.

ಈಗ ನನಗೆ ಸಿಟ್ಟು ಬರಿಸುವ ವಿಷಯಕ್ಕೆ ಬರುತ್ತೇನೆ. ಘಟಕವೊಂದು ಕಣ್ಣಿಗೆ ಬಿದ್ದ ಕೂಡಲೇ ಸುತ್ತಲಿನವರಿಗೆಲ್ಲ ಅದರ ನೆನಪಾಗುವುದು ಅತಿಥಿಗಳು ಬರುವ ದಿನ. ಸಮವಸ್ತ್ರ ತೊಟ್ಟ ಹುಡುಗಿಯರನ್ನು ಬಾಗಿಲಲ್ಲಿ ಎರಡು ಸಾಲಾಗಿ ನಿಲ್ಲಿಸಿ, ಕೈಗೆ ಆರತಿ ತಟ್ಟೆ, ಹೂಗುಚ್ಛ ಕೊಡುತ್ತಾರೆ. ಅತಿಥಿ ಎರಡು ಗಂಟೆ ತಡವಾಗಿ ಬರುತ್ತಾರೆ. ಹುಡುಗಿಯರು ಬಿಸಿಲಲ್ಲಿ ನಿಂತಿರುತ್ತಾರೆ, ವರದಿಯಲ್ಲಿ ಮಾತ್ರ ಅದು ‘ಸೇವಾ ಕಾರ್ಯ’ ಎಂದು ದಾಖಲಾಗುತ್ತದೆ. ಇದನ್ನು ಒಪ್ಪಬೇಡಿ. ಒಮ್ಮೆಗೇ ನಿರಾಕರಿಸಲು ಆಗದಿದ್ದರೆ, ‘ಪರಿಷತ್ತಿನಲ್ಲಿ ಕೇಳಿ ಹೇಳುತ್ತೇನೆ’ ಎನ್ನಿ, ನಿಜವಾಗಿಯೂ ಕೇಳಿ. ಅವರು ಬೇಡವೆಂದರೆ ಆ ಉತ್ತರವನ್ನು ಮೇಲಿನವರಿಗೆ ಮುಟ್ಟಿಸುವವರು ನೀವೇ ಆಗಬೇಕು. ಬೈಗುಳ ಬಂದರೂ ನಿಮ್ಮಲ್ಲೇ ನಿಲ್ಲಬೇಕು, ಅವರವರೆಗೆ ಹೋಗಬಾರದು.

ಸೇವೆಗೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಬೇರೆ ಅವಕಾಶಗಳು ಬೇಕಾದಷ್ಟಿವೆ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ಜಾತ್ರೆ, ಸವದತ್ತಿ ಯಲ್ಲಮ್ಮನ ಗುಡ್ಡದ ಜನಸಾಗರ, ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಇಲ್ಲೆಲ್ಲ ತಪ್ಪಿಸಿಕೊಂಡ ಮಕ್ಕಳು, ದಾರಿ ತಿಳಿಯದ ಮುದುಕಿಯರು, ಎಲ್ಲಿ ಕುಳಿತು ಹಾಲೂಡಿಸಬೇಕೆಂದು ತಿಳಿಯದ ಬಾಣಂತಿಯರು ಇದ್ದೇ ಇರುತ್ತಾರೆ. ಅವರಿಗೆ ಲಾಠಿ ಹಿಡಿದವರಿಗಿಂತ ಸ್ಕಾರ್ಫ್ ತೊಟ್ಟ ಹುಡುಗಿಯನ್ನು ಕೇಳುವುದು ಸುಲಭ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೇ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಬಂದು ಶಾಲೆಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ಉಳಿಯಬೇಕಾಯಿತು. ಅಂಥ ಕಡೆ ಅಕ್ಕಿ, ಬೇಳೆ, ಚಾದರ ಬೇಗ ಬರುತ್ತವೆ. ಪ್ಯಾಡ್ ಬೇಕು, ಒಳಉಡುಪು ಬೇಕು ಎಂದು ಗಂಡಸು ಅಧಿಕಾರಿಯ ಮುಂದೆ ಹೇಳುವ ಹೆಂಗಸರು ಕಡಿಮೆ. ಆ ಪಟ್ಟಿ ಮಾಡುವ ಕೆಲಸಕ್ಕೆ 20 ವರ್ಷದ ರೇಂಜರ್‌ಗಿಂತ ತಕ್ಕವರಿಲ್ಲ. ನದಿಯ ದಂಡೆಗೆ, ದೋಣಿಗೆ ಮಾತ್ರ ಅವರನ್ನು ಕಳಿಸಬೇಡಿ, ಅದಕ್ಕೆ ತರಬೇತಿ ಪಡೆದ ಪಡೆಗಳಿವೆ. ಎಲ್ಲಿಗೇ ಹೋದರೂ ಇಬ್ಬಿಬ್ಬರಾಗಿ ಹೋಗಲಿ, ಯಾರು ಎಲ್ಲಿದ್ದಾರೆ ಎಂಬುದು ನಿಮ್ಮ ಕೈಯ ಪುಸ್ತಕದಲ್ಲಿರಲಿ.

ನೀವು ಕೇಳದ ಪ್ರಶ್ನೆಯೊಂದಿದೆ. ತಂಡ ನಿಮ್ಮನ್ನು ನಂಬತೊಡಗಿದ ಮೇಲೆ ಒಂದು ಸಂಜೆ ಒಬ್ಬಳು ಎಲ್ಲರೂ ಹೋಗುವವರೆಗೆ ಕಾದು, ‘ಮೇಡಂ, ಯಾರಿಗೂ ಹೇಳಬೇಡಿ’ ಎಂದು ಶುರು ಮಾಡುತ್ತಾಳೆ. ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ‘ನಿನ್ನ ಸುರಕ್ಷತೆಗೆ ಬೇಕಾದರೆ ಬೇಕಾದವರಿಗೆ ಮಾತ್ರ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ’ ಎನ್ನಿ. ಇಷ್ಟು ಹೇಳಿದ ಮೇಲೂ ಬಹುಪಾಲು ಹುಡುಗಿಯರು ಮಾತು ಮುಂದುವರಿಸುತ್ತಾರೆ. ಆಗ ನೀವು ಮೊದಲು ತಿಳಿದುಕೊಳ್ಳಬೇಕಾದದ್ದು ಅವಳ ವಯಸ್ಸು. ಪಿಯುಸಿಯವರಲ್ಲಿ ಬಹುತೇಕರು, ಪದವಿಯ ಮೊದಲ ವರ್ಷದಲ್ಲಿ ಕೆಲವರು 18ರ ಒಳಗಿನವರು. ಅಂಥವಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೇ ಅಪರಾಧ. ಅಂಥವಳ ಮದುವೆ ನಿಶ್ಚಯವಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ತಿಳಿಸಬಹುದು. ಮಾಹಿತಿ ಕೊಟ್ಟವರು ನೀವೆಂದು ಊರಿಗೆ ಗೊತ್ತಾಗುವ ಅಗತ್ಯವಿಲ್ಲ.

18 ದಾಟಿದವಳ ವಿಷಯ ಬೇರೆ. ಅವಳಿಗೆ ಒಲ್ಲದ ಮದುವೆ ನಿಶ್ಚಯವಾಗಿರಬಹುದು, ಯಾರೋ ಫೋಟೊ ಹಿಡಿದುಕೊಂಡು ಬೆದರಿಸುತ್ತಿರಬಹುದು, ಮನೆಯಲ್ಲಿ ಹೊಡೆತ ಇರಬಹುದು. ದಾರಿಗಳೇನಿವೆ ಎಂದು ಹೇಳುವುದು ನಿಮ್ಮದು: ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆರಿಸಿಕೊಳ್ಳುವುದು ಅವಳದು. ಅವಳ ಪರವಾಗಿ ನೀವೇ ತೀರ್ಮಾನಿಸಿ ಮನೆಯವರಿಗೆ ಫೋನ್ ಮಾಡಿದರೆ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರೂ, ಅವಳಿಗಿದ್ದ ಒಂದೇ ಬಾಗಿಲನ್ನು ನೀವು ಮುಚ್ಚಿದಂತಾಗುತ್ತದೆ. ನೀವು ಆಪ್ತಸಮಾಲೋಚಕಿಯಲ್ಲ, ಆಗಲು ಹೋಗಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಜೊತೆಗೆ ಹೋಗಿಬರುವಷ್ಟು ನಿಮ್ಮಿಂದ ಸಾಧ್ಯ. ಇಂಥ ಮಾತುಕತೆ ನಾಲ್ಕು ಜನರಿಗೆ ಕಾಣುವ, ಆದರೆ ಕೇಳಿಸದ ಜಾಗದಲ್ಲಿ ನಡೆಯಲಿ. ಮುಚ್ಚಿದ ಕೋಣೆ ಇಬ್ಬರಿಗೂ ಒಳ್ಳೆಯದಲ್ಲ.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆ ಒಂದೇ ಮಾತು: ಹುಡುಗಿಯರ ಫೋಟೊಗಳನ್ನು ಅವರನ್ನು ಕೇಳದೆ ಎಲ್ಲಿಯೂ ಹಾಕಬೇಡಿ, ಜಿಲ್ಲಾ ಕಚೇರಿಯವರು ಎಷ್ಟೇ ಅವಸರ ಮಾಡಿದರೂ.

ನಿಮ್ಮ ತರಬೇತಿ ಹೇಗೆ ಎಂದರೆ, ಲೀಡರ್‌ಗಳಿಗೆ ಬೇಸಿಕ್, ಅಡ್ವಾನ್ಸ್‌ಡ್, ಅದರ ಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಹಂತಗಳಿವೆ. ಬೇಸಿಕ್ ಕೋರ್ಸಿಗೆ ಹೆಸರು ಕೊಡುವಾಗ ರೇಂಜರ್ ವಿಭಾಗದ್ದೇ ಬೇಕೆಂದು ಕೇಳಿ. ಗೈಡ್ ಕ್ಯಾಪ್ಟನ್‌ಗಳ ಶಿಬಿರಕ್ಕೆ ಕಳಿಸಿಬಿಟ್ಟರೆ ಚಿಕ್ಕ ಮಕ್ಕಳ ಆಟಪಾಠಗಳನ್ನು ಕಲಿತು ಬರುತ್ತೀರಿ, ಅವು ನಿಮ್ಮ ತಂಡದ ಮುಂದೆ ನಡೆಯುವುದಿಲ್ಲ. ಇದು ಸಂಬಳವಿಲ್ಲದ ಕೆಲಸ, ಆದೇಶದ ಮೇಲೆ ಬಂದಿದ್ದರೂ ಮನಸ್ಸಿದ್ದರೆ ಮಾತ್ರ ನಡೆಯುವಂಥದು. ಒಂದೆರಡು ವರ್ಷದ ನಂತರ ಬೇಡವೆನಿಸಿದರೆ ಮುಜುಗರವಿಲ್ಲದೆ ಬಿಟ್ಟುಕೊಡಿ, ಆದರೆ ನಡುವೆ ಕೈಬಿಡಬೇಡಿ.

ತಂಡ ಸ್ವಲ್ಪ ನಿಂತ ಮೇಲೆ ಪುಣೆಯ ‘ಸಂಗಮ್’ ಕೇಂದ್ರಕ್ಕೆ ಕರೆದುಕೊಂಡು ಹೋಗುವುದನ್ನು ಯೋಚಿಸಿ. ವಿಶ್ವ ಗೈಡ್ ಸಂಘಟನೆ ನಡೆಸುವ ಈ ಕೇಂದ್ರ 1966ರಲ್ಲಿ ಆರಂಭವಾಯಿತು, ನಾನಾ ದೇಶಗಳ ಹುಡುಗಿಯರು ಅಲ್ಲಿಗೆ ಬಂದು ಹೋಗುತ್ತಾರೆ. ಬೆಳಗಾವಿಯವರಿಗಂತೂ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಖರ್ಚಿನ ಲೆಕ್ಕ, ರೈಲಿನ ಟಿಕೆಟ್, ಪತ್ರವ್ಯವಹಾರ ಎಲ್ಲವನ್ನೂ ತಂಡವೇ ಮಾಡಲಿ. ಇಂಗ್ಲಿಷ್ ಪತ್ರದಲ್ಲಿ ತಪ್ಪಿದ್ದರೆ ತಿದ್ದಿಕೊಡಿ, ನೀವೇ ಬರೆದುಕೊಡಬೇಡಿ.

ಡಿಗ್ರಿ ಮುಗಿಸಿ ಹೋಗುವವರನ್ನು ಬೀಳ್ಕೊಡುವಾಗ, 25ರವರೆಗೆ ತಾವು ರೇಂಜರ್ ಆಗಿಯೇ ಉಳಿಯಬಹುದು ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಶಾಲೆ-ಕಾಲೇಜಿಗೆ ಸೇರದ ಮುಕ್ತ ಘಟಕಗಳಿಗೂ ಸಂಸ್ಥೆಯಲ್ಲಿ ಅವಕಾಶವಿದೆ. ಗಂಡನ ಮನೆ ಮುಧೋಳವಾಗಲಿ, ಸಿಂದಗಿಯಾಗಲಿ, ಅಲ್ಲಿ ಘಟಕವಿದೆಯೇ ಎಂದು ಜಿಲ್ಲಾ ಸಂಸ್ಥೆಯಲ್ಲಿ ವಿಚಾರಿಸಿ, ಅಲ್ಲಿಯ ಲೀಡರ್‌ಗೆ ನೀವೇ ಒಂದು ಫೋನ್ ಮಾಡಿ ಕೊಡಿ. ಘಟಕವಿಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಶಾಲೆಯ ಬುಲ್‌ಬುಲ್ ಮಕ್ಕಳಿಗೆ ವಾರಕ್ಕೊಂದು ಸಂಜೆ ಕೊಡಬಹುದು. ಹೊಸ ಊರಿನಲ್ಲಿ ಮನೆಯಿಂದ ಹೊರಗೆ ಕಾಲಿಡಲು ಒಪ್ಪುವಂಥ ಕಾರಣವೊಂದು ಸಿಗುತ್ತದೆ, ಅತ್ತೆಯವರೂ ಬೇಡವೆನ್ನಲಾರರು.